ಎಲ್ರಿಗೂ ಗೊತ್ತಿರೋ ವಿಷಯ

ನಿಮ್ಮ ಆಫೀಸಲ್ಲಿ ಎಲ್ಲರಿಗೂ ಗೊತ್ತಿರೋ, ಆದರೆ ಯಾರೂ ಬಾಯಿಬಿಟ್ಟು ಹೇಳದ ವಿಷಯ ಒಂದಾದರೂ ಇದ್ದೇ ಇರುತ್ತೆ. ಯಾರ ಪ್ರಮೋಷನ್ ಹಿಂದೆ ಏನಿತ್ತು, ಯಾವ ಪ್ರಾಜೆಕ್ಟು ಮಾರ್ಚ್ ದಾಟಲ್ಲ, ಯಾರ ಕ್ಯಾಬಿನ್ನಿಗೆ ಒಬ್ಬಳೇ ಹೋಗಬಾರದು. ಹೊಸದಾಗಿ ಸೇರಿದವರಿಗೆ ಇದನ್ನೆಲ್ಲ ಇಂಡಕ್ಷನ್ನಲ್ಲಿ ಹೇಳಿಕೊಡಲ್ಲ. ಎರಡನೇ ವಾರದ ಹೊತ್ತಿಗೆ ಕಾಫಿ ಮಷೀನ್ ಹತ್ತಿರ ಯಾರೋ ಮೆಲ್ಲಗೆ ಕಿವಿಗೆ ಹಾಕ್ತಾರೆ.

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಈ ಪಟ್ಟಿಯ ಕೊನೆಯದ್ದು ಇತ್ತು. ಸೇರಿದ ಹತ್ತನೇ ದಿನಕ್ಕೇ ಸಲಹೆ ಬಂತು: "ಅವರ ಹತ್ರ ರಿವ್ಯೂ ಇದ್ರೆ ಸಂಜೆ ಆರರ ಮೇಲೆ ಇಟ್ಕೋಬೇಡ. ಇಟ್ಟರೂ ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗು." ಹೇಳಿದವರು ಬಿಡಿಸಿ ಹೇಳಲಿಲ್ಲ, ಕೇಳಿದವಳಿಗೆ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ವರ್ಷಗಟ್ಟಲೆ ಇದು ಹೀಗೇ ಕಿವಿಯಿಂದ ಕಿವಿಗೆ ದಾಟ್ತಾ ಇತ್ತು. ಆಮೇಲೊಂದು ದಿನ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳು ತನಗೆ ಆದದ್ದನ್ನ ನಾಲ್ಕು ಪ್ಯಾರಾದಲ್ಲಿ ಬರೆದು ಎಚ್ಆರ್‌ಗೆ ಮೇಲ್ ಮಾಡಿದಳು. ಮಾಡುವಾಗ ನಮ್ಮ ಮಹಡಿಯ ಎಲ್ಲ ಹೆಂಗಸರನ್ನೂ ಸಿಸಿಯಲ್ಲಿ ಹಾಕಿದಳು. ಹತ್ತೊಂಬತ್ತು ಜನ.

ಅವತ್ತು ಟೀ ಬ್ರೇಕಲ್ಲಿ ಒಬ್ಬ ಸಹೋದ್ಯೋಗಿ ಅಂದದ್ದು ನನಗೆ ಇವತ್ತಿಗೂ ನೆನಪಿದೆ. "ಎಲ್ರಿಗೂ ಗೊತ್ತಿದ್ದದ್ದೇ ಅಲ್ವಾ? ಹೊಸದೇನು ಹೇಳಿದ್ಲು?"

ಅವನು ಕೆಟ್ಟವನಲ್ಲ. ವ್ಯಂಗ್ಯಕ್ಕೂ ಹೇಳಿದ್ದಲ್ಲ. ನೋಡೋಕೆ ಹೋದರೆ ಅದು ಬಹಳ ಒಳ್ಳೆ ಪ್ರಶ್ನೆ. ಕೇಳೋರಿಗೆಲ್ಲ ಆಗಲೇ ಗೊತ್ತಿರೋ ವಿಷಯವನ್ನ ಹೇಳಿದರೆ, ಲೆಕ್ಕದ ಪ್ರಕಾರ ಯಾರ ತಲೆಗೂ ಒಂದು ಹನಿ ಮಾಹಿತಿಯೂ ಸೇರಬಾರದು. ಹಾಗಿದ್ದ ಮೇಲೆ ಏನೂ ಬದಲಾಗಬಾರದು. ಆದರೆ ಮಾರನೇ ಸಂಜೆಯೊಳಗೆ ಆ ಮೇಲಿಗೆ ಏಳು ಉತ್ತರ ಬಂದಿದ್ದವು, ಎಲ್ಲವೂ ರಿಪ್ಲೈ ಆಲ್. ವರ್ಷಗಟ್ಟಲೆ ಅಲ್ಲಾಡದ ಕಂಪನಿ ಆರು ವಾರದಲ್ಲಿ ಅಲ್ಲಾಡಿತು. ಸೊನ್ನೆ ಮಾಹಿತಿ ಇಷ್ಟು ಕೆಲಸ ಮಾಡೋದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಡೋ ಒಂದು ಶಾಸ್ತ್ರವೇ ಇದೆ. ತರ್ಕಶಾಸ್ತ್ರದ ಒಂದು ಕೊಂಬೆ. ಫಿನ್ಲೆಂಡಿನ ಯಾಕೊ ಹಿಂಟಿಕ್ಕ 1962ರಲ್ಲಿ 'ನಾಲೆಜ್ ಅಂಡ್ ಬಿಲೀಫ್' ಅನ್ನೋ ಪುಟ್ಟ ಪುಸ್ತಕದಲ್ಲಿ ಇದಕ್ಕೆ ಅಡಿಪಾಯ ಹಾಕಿದ. ಅವನ ಉಪಾಯ ಸರಳ. "ನನಗೆ ಗೊತ್ತು" ಅನ್ನೋದಕ್ಕೆ ಅರ್ಥ ಏನು? ನಾನೀಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ದೀನಿ ಅಂತಿಟ್ಕೊಳ್ಳಿ. ಮಲ್ಲೇಶ್ವರದಲ್ಲಿ ಮಳೆ ಬರ್ತಿದೆಯೋ ಇಲ್ಲವೋ ಇಲ್ಲಿಂದ ಹೇಳೋಕಾಗಲ್ಲ. ಅಂದರೆ ನನ್ನ ಕೈಲಿರೋ ಮಾಹಿತಿಗೆ ಎರಡು ಜಗತ್ತು ಹೊಂದಿಕೆಯಾಗುತ್ತವೆ, ಒಂದರಲ್ಲಿ ಮಲ್ಲೇಶ್ವರ ಒದ್ದೆ, ಇನ್ನೊಂದರಲ್ಲಿ ಒಣ. ಎರಡನ್ನೂ ತಳ್ಳಿಹಾಕೋಕೆ ಆಗದೆ ಇರೋದರಿಂದ ನನಗೆ ಗೊತ್ತಿಲ್ಲ. ಸಿಲ್ಕ್ ಬೋರ್ಡಲ್ಲಿ ಟ್ರಾಫಿಕ್ ಇದೆ ಅನ್ನೋದು ಮಾತ್ರ ಎರಡರಲ್ಲೂ ನಿಜ, ಆದ್ದರಿಂದ ಅದು ಗೊತ್ತು. ನಾನು ತಳ್ಳಿಹಾಕಲಾಗದ ಎಲ್ಲ ಜಗತ್ತುಗಳಲ್ಲೂ ಯಾವುದು ನಿಜವೋ ಅದು ನನಗೆ ಗೊತ್ತು. ಅಷ್ಟೇ. ಇಲ್ಲಿಂದ ಮುಂದೆ "ಅವಳಿಗೆ ಗೊತ್ತು ಅಂತ ನನಗೆ ಗೊತ್ತು", "ಅವಳಿಗೆ ಗೊತ್ತು ಅಂತ ನನಗೆ ಗೊತ್ತಿರೋದು ಅವಳಿಗೆ ಗೊತ್ತಿಲ್ಲ" ಅಂತ ಒಂದರ ಮೇಲೊಂದು ಮಹಡಿ ಕಟ್ಟಬಹುದು. ಕನ್ನಡ ಸೀರಿಯಲ್‌ಗಳ ಅತ್ತೆ ಸೊಸೆಯರು ದಿನಾ ಮೂರನೇ ಮಹಡಿವರೆಗೆ ಸಲೀಸಾಗಿ ಹತ್ತಿ ಇಳೀತಾರೆ, ಹಾಗಾಗಿ ಇದು ನಮಗೆ ಕಷ್ಟದ ವಿಷಯವಲ್ಲ.

ಈ ಕ್ಷೇತ್ರದವರೆಲ್ಲ ಮೊದಲು ಹೇಳೋದು ಕೆಸರು ಮೆತ್ತಿದ ಮಕ್ಕಳ ಒಗಟು. ನಾನು ನಮ್ಮ ಮನೆ ಮಕ್ಕಳಿಗೆ ಹೇಳಿದ ಹಾಗೇ ಹೇಳ್ತೀನಿ. ಅಕ್ಕ, ತಮ್ಮ, ಪುಟ್ಟಿ ಮೂವರೂ ಮಳೇಲಿ ಆಡಿ ಬಂದಿದ್ದಾರೆ. ಮೂವರ ಹಣೆಗೂ ಕೆಸರು. ಬೇರೆಯವರ ಹಣೆ ಕಾಣುತ್ತೆ, ತಮ್ಮದು ಕಾಣಲ್ಲ. ಅಪ್ಪ ಬಂದು, "ನಿಮ್ಮಲ್ಲಿ ಒಬ್ಬರ ಹಣೆಗಾದ್ರೂ ಕೆಸರು ಮೆತ್ತಿದೆ" ಅಂತಾನೆ. ಆಮೇಲೆ, "ನನ್ನ ಹಣೆಗೆ ಕೆಸರಾಗಿದೆ ಅಂತ ಖಂಡಿತ ಗೊತ್ತಿರೋರು ಕೈ ಎತ್ತಿ" ಅಂತ ಕೇಳ್ತಾನೆ. ಯಾರೂ ಎತ್ತಲ್ಲ. ಇನ್ನೊಂದು ಸಲ ಕೇಳ್ತಾನೆ. ಯಾರೂ ಎತ್ತಲ್ಲ. ಮೂರನೇ ಸಲ ಕೇಳಿದಾಗ ಮೂವರೂ ಒಟ್ಟಿಗೇ ಕೈ ಎತ್ತುತ್ತಾರೆ.

ಹೇಗೆ ಅಂತ ನೋಡಿ. ಒಬ್ಬರ ಹಣೆಗೆ ಮಾತ್ರ ಕೆಸರಿದ್ದಿದ್ದರೆ, ಆ ಮಗು ಸುತ್ತ ನೋಡಿ ಯಾರ ಹಣೆಯಲ್ಲೂ ಕಾಣದೆ "ಹಾಗಾದ್ರೆ ನಾನೇ" ಅಂತ ಮೊದಲನೇ ಸಲವೇ ಕೈ ಎತ್ತುತ್ತಿತ್ತು. ಯಾರೂ ಎತ್ತಲಿಲ್ಲ, ಅಂದ ಮೇಲೆ ಕನಿಷ್ಠ ಇಬ್ಬರು. ಇಬ್ಬರೇ ಆಗಿದ್ದರೆ, ಆ ಇಬ್ಬರಲ್ಲಿ ಪ್ರತಿಯೊಬ್ಬರಿಗೂ ಕಾಣೋದು ಒಂದೇ ಕೆಸರು ಹಣೆ, ಎರಡನೇ ಸಲ ಎತ್ತುತ್ತಿದ್ದರು. ಆಗಲೂ ಎತ್ತಲಿಲ್ಲ. ಉಳಿದದ್ದು ಮೂವರೂ. ಗಮನಿಸಿ, ಇಲ್ಲಿ ಮೌನವೇ ಎರಡು ಸಲ ಮಾತಾಡಿದೆ.

ಆದರೆ ನಿಜವಾದ ಗಮ್ಮತ್ತು ಅದಲ್ಲ. ಅಪ್ಪ ಹೇಳಿದ ಮಾತು ಮೂವರಿಗೂ ಮೊದಲೇ ಗೊತ್ತಿತ್ತು! ಪ್ರತಿ ಮಗುವಿಗೂ ಎರಡೆರಡು ಕೆಸರು ಹಣೆ ಕಾಣ್ತಾ ಇತ್ತಲ್ಲ. ಅಷ್ಟೇ ಅಲ್ಲ, ಉಳಿದವರಿಗೂ ಅದು ಗೊತ್ತು ಅನ್ನೋದೂ ಪ್ರತಿಯೊಬ್ಬರಿಗೂ ಗೊತ್ತಿತ್ತು. ಪುಟ್ಟಿಯ ಹಣೆ ತಮ್ಮನಿಗೆ ಕಾಣುತ್ತೆ ಅಂತ ಅಕ್ಕನಿಗೆ ಗೊತ್ತು. ಹಾಗಿದ್ದೂ ಅಪ್ಪ ಆ ಮಾತು ಹೇಳದೆ ಬರೀ ಪ್ರಶ್ನೆ ಕೇಳ್ತಾ ಕೂತಿದ್ದರೆ, ಬೆಳಗಾದರೂ ಒಬ್ಬರೂ ಕೈ ಎತ್ತುತ್ತಿರಲಿಲ್ಲ. ಯಾಕಂದರೆ ಮೂರನೇ ಮಹಡಿ ಖಾಲಿ ಇತ್ತು. ಅಕ್ಕ ಯೋಚಿಸ್ತಾಳೆ: ನನ್ನ ಹಣೆ ಸ್ವಚ್ಛ ಇರಬಹುದು. ಹಾಗಿದ್ದಲ್ಲಿ ತಮ್ಮ ತನ್ನ ಹಣೆಯೂ ಸ್ವಚ್ಛ ಇರಬಹುದು ಅಂದುಕೊಳ್ತಾ ಇರಬಹುದು. ಅವನು ಊಹಿಸೋ ಆ ಜಗತ್ತಲ್ಲಿ ಪುಟ್ಟಿಗೆ ಎರಡು ಸ್ವಚ್ಛ ಹಣೆ ಕಾಣುತ್ತೆ, ಅವಳಿಗೆ ಯಾರ ಹಣೆಗೂ ಕೆಸರಿಲ್ಲ ಅಂತಲೇ ಅನ್ನಿಸಬಹುದು. ಅಪ್ಪ ಎಲ್ಲರೆದುರು ಹೇಳಿದ ಆ ಒಂದು ವಾಕ್ಯ ಈ ಊಹೆಯೊಳಗಿನ ಊಹೆಯೊಳಗಿನ ಊಹೆಯನ್ನ ಕಿತ್ತುಹಾಕಿತು.

ಎಲ್ಲರಿಗೂ ಗೊತ್ತಿರೋದು ಬೇರೆ, ಎಲ್ಲರಿಗೂ ಗೊತ್ತಿದೆ ಅಂತ ಎಲ್ಲರಿಗೂ ಗೊತ್ತಿರೋದು ಬೇರೆ, ಅದು ಕೊನೆ ಇಲ್ಲದೆ ಮೇಲೆ ಹೋಗೋದು ಮತ್ತೂ ಬೇರೆ. ಈ ಕೊನೆಯದ್ದಕ್ಕೆ ಕಾಮನ್ ನಾಲೆಜ್ ಅಂತ ಹೆಸರು. ಡೇವಿಡ್ ಲೂಯಿಸ್ 1969ರಲ್ಲಿ ಇದನ್ನ ತತ್ತ್ವಶಾಸ್ತ್ರಕ್ಕೆ ತಂದ. 1976ರಲ್ಲಿ ರಾಬರ್ಟ್ ಆಮನ್ ಗಣಿತದ ರೂಪ ಕೊಟ್ಟರು, ಆಮೇಲೆ 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ಲೂ ಬಂತು (ಅದಕ್ಕಲ್ಲ, ಒಟ್ಟು ಗೇಮ್ ಥಿಯರಿ ಕೆಲಸಕ್ಕೆ).

ಈಗ ನಮ್ಮ ಮಹಡಿಗೆ ವಾಪಸ್ ಬನ್ನಿ. ಹತ್ತೊಂಬತ್ತು ಹೆಂಗಸರಲ್ಲಿ ಎಷ್ಟೋ ಜನರಿಗೆ ಆ ಮನುಷ್ಯನ ವಿಷಯ ಗೊತ್ತಿತ್ತು. ಆದರೆ ಪ್ರತಿಯೊಬ್ಬಳಿಗೂ ಅದು ಇಬ್ಬರು ಮೂವರ ಮಧ್ಯದ ಗುಟ್ಟು. ಮೇಲ್ ಬಂದಾಗ ಅವರಿಗೆ ಆ ಮನುಷ್ಯನ ಬಗ್ಗೆ ಹೊಸದೇನೂ ತಿಳೀಲಿಲ್ಲ. ಪರಸ್ಪರರ ಬಗ್ಗೆ ತಿಳೀತು. "ನಾನೊಬ್ಬಳೇ ತಪ್ಪು ತಿಳ್ಕೊಂಡೆನಾ" ಅನ್ನೋ ಜಗತ್ತು ಅಳಿಸಿಹೋಯ್ತು. "ನಾನು ಬಾಯಿ ತೆಗೆದರೆ ಉಳಿದವರು ನನ್ನನ್ನ ವಿಚಿತ್ರವಾಗಿ ನೋಡ್ತಾರೆ" ಅನ್ನೋ ಜಗತ್ತೂ ಅಳಿಸಿಹೋಯ್ತು. ಅವಳು ಸಿಸಿ ಬದಲು ಬಿಸಿಸಿಯಲ್ಲಿ ಹಾಕಿದ್ದರೆ? ಅಕ್ಷರಕ್ಕೆ ಅಕ್ಷರ ಅದೇ ಮೇಲ್, ಅದೇ ಹತ್ತೊಂಬತ್ತು ಇನ್‌ಬಾಕ್ಸ್. ಪ್ರತಿಯೊಬ್ಬಳೂ ಒಬ್ಬಳೇ ಕೂತು ಓದಿ, ಇದು ನನಗೊಬ್ಬಳಿಗೇ ಬಂದಿದೆಯೇನೋ ಅಂದುಕೊಂಡು, ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು. ಏಳು ಉತ್ತರ ಬರ್ತಿರಲಿಲ್ಲ ಅಂತ ನಾನು ಪಣ ಕಟ್ಟಬಲ್ಲೆ. (ಸಿಸಿ, ಬಿಸಿಸಿ ವ್ಯತ್ಯಾಸದಿಂದ ಕಾಮನ್ ನಾಲೆಜ್ ಯಾವಾಗ ಹುಟ್ಟುತ್ತೆ, ಯಾವಾಗ ಹುಟ್ಟಲ್ಲ ಅಂತ ಫ್ಲೋರ್ ಸೀಟ್ಸ್ಮಾ, ಕ್ರಿಸ್ಟಾಫ್ ಆಪ್ಟ್ ಅನ್ನೋ ಇಬ್ಬರು ಪ್ರಮೇಯ ಸಮೇತ ಸಂಶೋಧನಾ ಲೇಖನವನ್ನೇ ಬರೆದಿದ್ದಾರೆ. ಇಮೇಲ್ ಶಿಷ್ಟಾಚಾರದ ಬಗ್ಗೆ ಎಚ್ಆರ್ ಕೊಡೋ ಟ್ರೈನಿಂಗಿಗಿಂತ ಅದು ವಾಸಿ.)

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನ ಹೇಳದೆ ಹೋದರೆ ಅನ್ಯಾಯ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಬಂದ ಕಾಯ್ದೆ, ದೂರಿನ ವಿವರವನ್ನ ಸಾರ್ವಜನಿಕ ಮಾಡಬಾರದು ಅನ್ನುತ್ತೆ. ಅದಕ್ಕೆ ಗಟ್ಟಿ ಕಾರಣಗಳಿವೆ. ದೂರು ಕೊಟ್ಟವಳ ಮಾನ, ಆರೋಪ ಹೊತ್ತವನಿಗೆ ನ್ಯಾಯವಾದ ವಿಚಾರಣೆ, ಎರಡಕ್ಕೂ ಗುಟ್ಟು ಬೇಕು. ಆದರೆ ಅದೇ ಗುಟ್ಟು ಒಬ್ಬೊಬ್ಬ ದೂರುದಾರಳನ್ನೂ "ಮೊದಲನೆಯವಳು" ಮಾಡಿಬಿಡುತ್ತೆ. ಪ್ರತಿ ಸಲವೂ ಮೊದಲನೇ ಕೆಸರು ಹಣೆ, ಪ್ರತಿ ಸಲವೂ "ಇದುವರೆಗೆ ನಮಗೆ ಇಂಥ ದೂರು ಬಂದಿಲ್ಲವಲ್ಲ". ತರ್ಕ ಇಲ್ಲಿ ಎರಡು ಒಳಿತುಗಳು ಡಿಕ್ಕಿ ಹೊಡೀತಿವೆ ಅಂತ ತೋರಿಸುತ್ತೆ, ಯಾವುದು ಹೆಚ್ಚು ಅಂತ ಹೇಳಲ್ಲ. ನನ್ನನ್ನ ಕೇಳಿದರೆ, ಕಾನೂನಿನ ದಾರಿ ನಿಜವಾಗಿ ತೆರೆದಿರೋ ಕಡೆ ಗುಟ್ಟು ಸರಿ. ಬಾಗಿಲಿಗೆ ಬೋರ್ಡು ಹಾಕಿ ಒಳಗಿಂದ ಚಿಲಕ ಹಾಕಿರೋ ಕಡೆ ಸಿಸಿ ಸರಿ. ಇದನ್ನ ಒಪ್ಪದ ಸಮಿತಿ ಸದಸ್ಯರೊಬ್ಬರು ನನ್ನ ಗೆಳತಿ, ನಾವಿಬ್ಬರೂ ಇದರ ಬಗ್ಗೆ ಇನ್ನೂ ಜಗಳ ಆಡ್ತೀವಿ.

ಇನ್ನೊಂದು ಮಾತು. ಒಗಟಲ್ಲಿ ಮೊದಲು ಮಾತಾಡಿದ್ದು ಅಪ್ಪ, ಅಂದರೆ ಹಣೆಗೆ ಕೆಸರಿಲ್ಲದವನು, ಹೇಳಿದರೆ ಏನೂ ಕಳಕೊಳ್ಳದವನು. ನಮ್ಮ ಮಹಡಿಯಲ್ಲಿ ಅಂಥವರು ಇರಲಿಲ್ಲವಾ? ಇದ್ದರು. ಟೀ ಕುಡೀತಾ "ಎಲ್ರಿಗೂ ಗೊತ್ತಿದ್ದದ್ದೇ" ಅಂದವನಿಗೂ ಗೊತ್ತಿತ್ತಲ್ಲ. ಅವನ ವಾಕ್ಯವನ್ನ ಎರಡು ಸಲ ಓದಿ.

ಕಾಮನ್ ನಾಲೆಜ್ ಅಷ್ಟು ಸುಲಭಕ್ಕೆ ಸಿಗೋದೂ ಅಲ್ಲ. ಜೋಸೆಫ್ ಹಾಲ್ಪರ್ನ್, ಯೋರಾಮ್ ಮೋಸೆಸ್ ಅನ್ನೋ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿದ್ದು ಇದು: ಸಂದೇಶ ತಲುಪೇ ತಲುಪುತ್ತೆ ಅನ್ನೋ ಖಾತ್ರಿ ಇಲ್ಲದ ಜಾಲದಲ್ಲಿ, ಎಷ್ಟು ಸಂದೇಶ ಕಳಿಸಿದರೂ ಕಾಮನ್ ನಾಲೆಜ್ ಹುಟ್ಟಲ್ಲ. "ನಾಳೆ ಆರಕ್ಕೆ ಸಿಗೋಣ" ಅಂತ ಕಳಿಸಿದೆ, ತಲುಪಿತಾ ಗೊತ್ತಿಲ್ಲ. "ಸರಿ" ಅಂತ ಉತ್ತರ ಬಂತು, ಆದರೆ ಆ "ಸರಿ" ನನಗೆ ತಲುಪಿದ್ದು ಅವಳಿಗೆ ಗೊತ್ತಿಲ್ಲ. "ನಿನ್ನ ಸರಿ ಸಿಕ್ತು" ಅಂತ ನಾನು ಕಳಿಸಿದೆ, ಅದು ತಲುಪಿತಾ? ಮುಗಿಯದ ಕತೆ. ನಾವು ಎರಡನೇ ಮೆಸೇಜಿಗೇ ನಿಲ್ಲಿಸಿ, ನಂಬಿಕೊಂಡು ಹೋಗ್ತೀವಿ. ಬದುಕು ನಡೆಯೋದು ಆ ನಂಬಿಕೆಯ ಮೇಲೆ, ಪ್ರಮೇಯದ ಮೇಲಲ್ಲ. 2014ರಲ್ಲಿ ವಾಟ್ಸಾಪ್ ಬ್ಲೂ ಟಿಕ್ ತಂದಾಗ ಜನ ಗಲಾಟೆ ಮಾಡಿದ್ದು ಯಾಕೆ ಅಂತಲೂ ಇದರಿಂದ ಅರ್ಥ ಆಗುತ್ತೆ. ಓದಿದ್ದು ತಿಳಿಯುತ್ತೆ ಅನ್ನೋದು ದೊಡ್ಡ ವಿಷಯವಲ್ಲ. ಓದಿದ್ದು ತಿಳಿದಿದೆ ಅಂತ ಇಬ್ಬರಿಗೂ ತಿಳಿದುಬಿಡುತ್ತೆ, ಆಮೇಲೆ "ನೋಡ್ಲಿಲ್ಲ ಕಣೇ" ಅನ್ನೋ ಸಣ್ಣ ಸುಳ್ಳಿಗೆ ಜಾಗ ಇರಲ್ಲ. ಬ್ಲೂ ಟಿಕ್ ಆಫ್ ಮಾಡೋರು ಉಳಿಸಿಕೊಳ್ಳೋದು ಆ ಜಾಗವನ್ನ.

ಇಲ್ಲಿವರೆಗೆ ಹೇಳಿದ್ದು ನಿಜ ಹೇಳಿದಾಗಿನ ಕತೆ. ಈ ತರ್ಕದಲ್ಲಿ ಸಾರ್ವಜನಿಕ ಘೋಷಣೆ ಅಂದರೆ ಮೂಲದಲ್ಲಿ ನಿಜವಾದ ಘೋಷಣೆ ಅಂತಲೇ ಲೆಕ್ಕ, ಸುಳ್ಳಾಡೋ ಅಪ್ಪ ಅಲ್ಲಿಲ್ಲ. ನಮ್ಮ ಊರಲ್ಲಿ ಹಾಗಲ್ಲವಲ್ಲ.

2012ರ ಆಗಸ್ಟ್ ನೆನಪಿದೆಯಾ? ನಿಮ್ಮಲ್ಲಿ ಹಲವರು ಆಗ ಸ್ಕೂಲಲ್ಲಿದ್ದಿರಬಹುದು. ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಹಿಂಸಾಚಾರ ಆಗಿತ್ತು. ಅದಕ್ಕೆ ಸೇಡಾಗಿ, ರಂಜಾನ್ ಮುಗಿದ ಮೇಲೆ ಬೆಂಗಳೂರಲ್ಲಿರೋ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಸಾವಿರಾರು ಜನ. ಸೆಕ್ಯುರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನ ಹುಡುಗೀರು, ಹೋಟೆಲ್ ಕೆಲಸದವರು, ಕಾಲೇಜು ಓದೋರು. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ ಹೆದರಬೇಡಿ ಅಂದರು. ಕೇಂದ್ರ ಸರ್ಕಾರ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸುಗಳನ್ನ ಒಟ್ಟಿಗೆ ಕಳಿಸೋದಕ್ಕೆ 15 ದಿನ ನಿಷೇಧ ಹಾಕಿತು. ಮೆಸೇಜುಗಳು ಹೇಳಿದಂಥ ಸಾಮೂಹಿಕ ದಾಳಿ ಬೆಂಗಳೂರಲ್ಲಿ ನಡೀಲಿಲ್ಲ.

ಹೊರಟವರನ್ನ "ವದಂತಿಗೆ ಬಲಿಯಾದ ಮುಗ್ಧರು" ಅಂತ ಕರೆಯೋದು ರೂಢಿ. ನನಗೆ ಆ ಮಾತು ಒಗ್ಗಲ್ಲ. ಒಬ್ಬ ಗಾರ್ಡಿನ ತಲೆಯೊಳಗೆ ಕೂತು ನೋಡಿ. ದಾಳಿ ಆಗುತ್ತೆ ಅಂತ ಅವನಿಗೆ ಗೊತ್ತಿಲ್ಲ. ಆಗಲ್ಲ ಅಂತಲೂ ಗೊತ್ತಿಲ್ಲ. ರೂಮ್‌ಮೇಟ್ ಬ್ಯಾಗ್ ಕಟ್ಟುತ್ತಿದ್ದಾನೆ. ಅವನಿಗೇನೋ ಗೊತ್ತಿರಬೇಕು. ಊರಿಂದ ಅಮ್ಮ ಫೋನ್ ಮಾಡಿ ಬಂದುಬಿಡು ಅಂತಾಳೆ. ಅವಳಿಗೇನೋ ಗೊತ್ತಾಗಿರಬೇಕು. ಆ ರೂಮ್‌ಮೇಟ್ ಹೊರಟಿರೋದು ಪಕ್ಕದ ರೂಮಿನವರು ಹೊರಟಿದ್ದಕ್ಕೆ. ಅಮ್ಮ ಫೋನ್ ಮಾಡಿದ್ದು ಊರಲ್ಲಿ ಇನ್ನೊಬ್ಬ ಅಮ್ಮ ಫೋನ್ ಮಾಡಿದಳು ಅಂತ. "ಯಾರೋ ಒಬ್ಬರಿಗೆ ಗೊತ್ತಿದೆ" ಅಂತ ಪ್ರತಿಯೊಬ್ಬರೂ ನಂಬಿದ್ದಾರೆ, ಆ ಯಾರೋ ಒಬ್ಬರು ಎಲ್ಲೂ ಇಲ್ಲ. ಪ್ರತಿಯೊಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ. ಉಳಿದರೆ ಪ್ರಾಣ ಹೋಗಬಹುದು, ಹೋದರೆ ಒಂದು ತಿಂಗಳ ಸಂಬಳ ಹೋಗಬಹುದು. ವಿಶೇಷ ರೈಲು ಕೂಡ, ಬಿಟ್ಟವರ ಉದ್ದೇಶ ಒಳ್ಳೆಯದೇ ಆದರೂ, ಒಂದು ಘೋಷಣೆಯ ಹಾಗೆ ಕೇಳಿಸಿತು ಅಂತ ನನ್ನ ಊಹೆ. ಬಾಯಲ್ಲಿ ಅಪಾಯ ಇಲ್ಲ ಅಂತಾರೆ, ಪ್ಲಾಟ್‌ಫಾರ್ಮಿಗೆ ರೈಲು ತಂದು ನಿಲ್ಲಿಸ್ತಾರೆ. ಎರಡರಲ್ಲಿ ಯಾವುದನ್ನ ನಂಬೋದು?

ಕಾಕತಾಳೀಯ ಅಂದರೆ, ಇದಾಗಿ ಐದೇ ತಿಂಗಳಿಗೆ, 2013ರ ಜನವರಿಯಲ್ಲಿ, ಪಕ್ಕದ ಚೆನ್ನೈನಲ್ಲಿ ಜ್ಞಾನದ ತರ್ಕದ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೀತು. ಅಲ್ಲಿ ಜೆರೆಮಿ ಸೆಲಿಗ್ಮನ್, ಫೆನ್‌ರೋಂಗ್ ಲಿಯು, ಪ್ಯಾಟ್ರಿಕ್ ಜಿರಾರ್ಡ್ ಫೇಸ್‌ಬುಕ್ ಮತ್ತು ಗೆಳೆತನದ ತರ್ಕ ಅನ್ನೋ ವಿಷಯದ ಪ್ರಬಂಧ ಕೊಟ್ಟರು. ಅಲ್ಲಿವರೆಗಿನ ತರ್ಕದಲ್ಲಿ "ಎಲ್ಲರಿಗೂ ಗೊತ್ತು" ಅಂದರೆ ಗುಂಪಿನ ಅಷ್ಟೂ ಜನ. ಇವರು "ನನ್ನ ಗೆಳೆಯರೆಲ್ಲರಿಗೂ" ಅನ್ನೋದಕ್ಕೆ ಒಂದು ಬೇರೆ ಚಿಹ್ನೆ ತಂದರು. ಅವರು ತಗೊಂಡ ಉದಾಹರಣೆ ವಾಕ್ಯ ಯಾವುದು ಗೊತ್ತಾ? "ನಾನು ಅಪಾಯದಲ್ಲಿದ್ದೀನಿ."

ಎರಡು ವಾಕ್ಯ ನೋಡಿ. "ನನ್ನ ಗೆಳೆಯರೆಲ್ಲ ಅಪಾಯದಲ್ಲಿದ್ದಾರೆ ಅಂತ ನನಗೆ ಗೊತ್ತು." "ತಾನು ಅಪಾಯದಲ್ಲಿದ್ದೀನಿ ಅಂತ ನನ್ನ ಗೆಳೆಯರಲ್ಲಿ ಪ್ರತಿಯೊಬ್ಬನಿಗೂ ಗೊತ್ತು." ಅವರ ಭಾಷೆಯಲ್ಲಿ ಇದು ಎರಡು ಚಿಹ್ನೆಗಳ ಜಾಗ ಅದಲುಬದಲಾದದ್ದು, ಅಷ್ಟೇ. ಆದರೆ ಮೊದಲನೆಯದರಲ್ಲಿ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲದೆ ಇರಬಹುದು, ಅಂದರೆ ಹೇಳೋ ಹೊರೆ ನನ್ನ ಮೇಲಿದೆ. ಎರಡನೆಯದರಲ್ಲಿ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲದೆ ಇರಬಹುದು, ಬೆಂಗಳೂರಿನ ಎಷ್ಟೋ ಮಾಲೀಕರಿಗೆ ಅವತ್ತು ಬೆಳಗ್ಗೆ ಗೇಟಲ್ಲಿ ಗಾರ್ಡ್ ಇಲ್ಲ ಅಂತ ನೋಡೋವರೆಗೂ ಗೊತ್ತಿರಲಿಲ್ಲವಲ್ಲ ಹಾಗೆ. ಇಷ್ಟು ಸೂಕ್ಷ್ಮಕ್ಕೆ ಅವರು ಹೊಸ ವ್ಯಾಕರಣ ಕಟ್ಟಬೇಕಾಯ್ತು. ನಮಗೆ 'ತಾನು' ಅನ್ನೋ ಪದವೇ ಅರ್ಧ ಕೆಲಸ ಮಾಡಿಕೊಡುತ್ತೆ. ಇದರ ಬಗ್ಗೆ ಸ್ವಲ್ಪ ಜಂಬ ಪಡೋದರಲ್ಲಿ ತಪ್ಪಿಲ್ಲ.

ಗೆಳೆಯರ ಮೂಲಕ ಮಾತ್ರ ಜಗತ್ತನ್ನ ನೋಡಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಪುಟ್ಟ ಲೆಕ್ಕ. ಹತ್ತು ಜನ ಇದ್ದಾರೆ. ಒಬ್ಬನಿಗೆ ಉಳಿದ ಒಂಬತ್ತೂ ಜನ ಪರಿಚಯ, ಆ ಒಂಬತ್ತು ಜನಕ್ಕೆ ಅವನೊಬ್ಬನೇ ಪರಿಚಯ, ಪಿಜಿ ಓನರ್ ಇದ್ದ ಹಾಗೆ ಅಂದುಕೊಳ್ಳಿ. ಅವನು ಒಂದು ಸುಳ್ಳನ್ನ ನಂಬಿದ. ಈಗ ಹತ್ತರಲ್ಲಿ ನಂಬಿರೋನು ಒಬ್ಬನೇ. ಆದರೆ ಒಂಬತ್ತು ಜನ ಸುತ್ತ ನೋಡಿದರೆ "ನನಗೆ ಗೊತ್ತಿರೋರೆಲ್ಲ ಇದನ್ನ ನಂಬಿದ್ದಾರೆ" ಅನ್ನೋದು ಅಕ್ಷರಶಃ ನಿಜ. ಹತ್ತಕ್ಕೆ ಒಂದು, ಒಂಬತ್ತು ಕಣ್ಣಿಗೆ ನೂರಕ್ಕೆ ನೂರು. ಸಂಶೋಧಕರು ಇದಕ್ಕೆ ಬಹುಮತದ ಭ್ರಮೆ ಅಂತಾರೆ. "ಎಲ್ರೂ ಅದೇ ಹೇಳ್ತಿದ್ದಾರೆ" ಅಂತ ಯಾರಾದರೂ ಅಂದಾಗ ನನಗೀಗ ಆ ಪಿಜಿ ಓನರ್ ನೆನಪಾಗ್ತಾನೆ.

ಹಾಗಾದರೆ ಒಂದು ಕಡೆ, ಎಲ್ಲರಿಗೂ ಗೊತ್ತಿದ್ದರೂ ಗಟ್ಟಿಯಾಗಿ ಹೇಳು ಅನ್ನುತ್ತೆ ಕೆಸರು ಹಣೆ. ಇನ್ನೊಂದು ಕಡೆ, ಎಲ್ಲರೂ ಹೇಳ್ತಿದ್ದರೂ ಬಾಯಿ ಮುಚ್ಚು ಅನ್ನುತ್ತೆ 2012. ಎರಡನ್ನೂ ಒಟ್ಟಿಗೆ ಪಾಲಿಸೋದು ಹೇಗೆ? ಇದರ ಸುಳಿವು ನನಗೆ ಸಿಕ್ಕಿದ್ದು ತರ್ಕದ ಪುಸ್ತಕಗಳಲ್ಲಲ್ಲ, ಮನೆ ಮಾತಲ್ಲಿ.

ಕನ್ನಡದಲ್ಲಿ "ಮಳೆ ಬಂತು" ಅನ್ನೋದಕ್ಕೂ "ಮಳೆ ಬಂತಂತೆ" ಅನ್ನೋದಕ್ಕೂ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತು. ಮೊದಲನೆಯದು ನಾನು ಕಂಡದ್ದು ಅಥವಾ ನಾನು ಹೊಣೆ ಹೊರೋದು. ಎರಡನೆಯದು ಕೇಳಿದ್ದು. 'ಅಂತೆ' ಅಂದ ಕೂಡಲೇ ಕೇಳೋರಿಗೆ "ಯಾರಂದ್ರು?" ಅಂತ ಕೇಳೋ ಹಕ್ಕು ಬರುತ್ತೆ. ಅಂತೆಕಂತೆಗಳನ್ನ ನಾವು ತಾತ್ಸಾರ ಮಾಡ್ತೀವಿ, ನಿಜಕ್ಕೂ 'ಅಂತೆ' ಬಹಳ ಪ್ರಾಮಾಣಿಕವಾದ ಪ್ರತ್ಯಯ. ನ್ಯಾಯಶಾಸ್ತ್ರದವರು ಜ್ಞಾನದ ನಾಲ್ಕು ದಾರಿಗಳಲ್ಲಿ ಒಂದಾಗಿ ಶಬ್ದವನ್ನ ಒಪ್ಪುವಾಗ, ಎಂಥ ಶಬ್ದ ಅಂದರೆ ಆಪ್ತನ ಉಪದೇಶ ಅಂತ ಷರತ್ತು ಹಾಕಿದರು. ವಿಷಯವನ್ನ ತಾನೇ ಬಲ್ಲವನು, ಇದ್ದದ್ದನ್ನ ಇದ್ದ ಹಾಗೆ ಹೇಳೋ ಮನಸ್ಸುಳ್ಳವನು ಆಪ್ತ. ವಾಕ್ಯವೊಂದೇ ಸಾಲದು, ಹೇಳಿದವನು ಯಾರು ಅನ್ನೋದೂ ಅದರ ಜೊತೆ ಬರಬೇಕು.

ಫಾರ್ವರ್ಡ್ ಬಟನ್ ಮಾಡೋದು ಏನು? ವಾಕ್ಯವನ್ನ ಇಟ್ಟುಕೊಂಡು ಆಪ್ತನನ್ನ ಬಿಸಾಡುತ್ತೆ. 'ಅಂತೆ'ಯನ್ನ ಕತ್ತರಿಸುತ್ತೆ. ಅಮ್ಮನಿಗೆ ಅದು ಮಗಳ ನಂಬರಿಂದ ಬಂದದ್ದು, ಆದ್ದರಿಂದ ಮಗಳೇ ಹೇಳಿದ್ದು. 2018ರಲ್ಲಿ ದೇಶದ ಹಲವು ಕಡೆ ಹರಿದಾಡಿದ ಮಕ್ಕಳ ಕಳ್ಳರ ವಿಡಿಯೊ ನೆನಪಿಸಿಕೊಳ್ಳಿ, ಬೈಕಲ್ಲಿ ಬಂದ ಇಬ್ಬರು ಮಗು ಎತ್ತಿಕೊಂಡು ಹೋಗೋದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಕೊನೆಗೆ ಅವರು ಮಗುವನ್ನ ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ಹಿಡಿದು ತೋರಿಸ್ತಾರೆ. ಯಾರೋ ಆ ಕೊನೆಯನ್ನ ಕತ್ತರಿಸಿ ಬಿಟ್ಟರು. ಮಕ್ಕಳ ಕಳ್ಳರ ವದಂತಿ ಹಬ್ಬಿದ್ದ ಆ ತಿಂಗಳುಗಳಲ್ಲೇ, ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರೊಬ್ಬನನ್ನ ಜನ ಹೊಡೆದು ಕೊಂದರು. ಎಂಜಿನಿಯರ್ ಮತ್ತು ಗೆಳೆಯರು ಮಾಡಿದ್ದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ಎಲ್ಲರಿಗೂ "ಗೊತ್ತಿತ್ತು", ಅಷ್ಟೇ.

ಆ ಜುಲೈನಲ್ಲೇ ವಾಟ್ಸಾಪ್ ಮೆಸೇಜುಗಳ ಮೇಲೆ 'ಫಾರ್ವರ್ಡೆಡ್' ಅನ್ನೋ ಪಟ್ಟಿ ಹಚ್ಚಲು ಶುರು ಮಾಡಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಅಂತ ಮಿತಿ ಹಾಕಿತು (2012ರ ಎಸ್ಸೆಮ್ಮೆಸ್ ನಿಷೇಧದಲ್ಲೂ ಐದೇ ಇತ್ತು, ಈ ಐದರ ಮೇಲೆ ಯಾಕೆ ಇಷ್ಟು ಮೋಹವೋ). ಮಿತಿಗಿಂತ ನನಗೆ ಆ ಪಟ್ಟಿಯೇ ಮುಖ್ಯ ಅನ್ನಿಸುತ್ತೆ. ಅದು ಕತ್ತರಿಸಿದ 'ಅಂತೆ'ಯನ್ನ ಯಂತ್ರ ಮತ್ತೆ ಅಂಟಿಸಿದ್ದು. ಆದರೆ ಯಂತ್ರದ ಅಂತೆ ಅರ್ಧ ಅಂತೆ. ಕೇಳಿದ್ದು ಅನ್ನುತ್ತೆ, ಯಾರಿಂದ ಅನ್ನಲ್ಲ. ಯಾರಂದ್ರು ಅಂತ ಕೇಳಿದರೆ ಉತ್ತರ ಕೊಡಲ್ಲ.

ಟೆಸ್ಟಿಂಗ್ ಟೀಮಿನ ಆ ಹುಡುಗಿಯ ಮೇಲಲ್ಲಿ ಒಂದು 'ಅಂತೆ'ಯೂ ಇರಲಿಲ್ಲ. ಬೇರೆಯವರಿಗೆ ಏನಾಯ್ತಂತೆ ಅಂತ ಅವಳು ಒಂದು ಸಾಲೂ ಬರೀಲಿಲ್ಲ, ಬರೆಯೋಕೆ ಬೇಕಾದಷ್ಟು ಇದ್ದರೂ. ತನಗೆ ಆದದ್ದು, ತಾರೀಖು, ಹೊತ್ತು, ಕೆಳಗೆ ಹೆಸರು. ಬಂದ ಏಳು ಉತ್ತರಗಳೂ ಹಾಗೇ ಇದ್ದವು. 2012ರ ಎಸ್ಸೆಮ್ಮೆಸ್ಸುಗಳಲ್ಲಿ ಇದ್ದದ್ದು ಪೂರ್ತಿ 'ಅಂತೆ', ಆ ಎರಡಕ್ಷರ ಮಾತ್ರ ಕಾಣೆ. ಎರಡೂ ಜಾಲದಲ್ಲಿ ಹರಡಿದ್ದು ಒಂದೇ ರೀತಿಯಲ್ಲಿ, ಒಂದು ಇನ್‌ಬಾಕ್ಸಿಂದ ಇನ್ನೊಂದಕ್ಕೆ. ತರ್ಕದ ಚಿತ್ರದಲ್ಲಿ ಎರಡೂ ಬಾಣದ ಗುರುತುಗಳೇ. ಒಂದರಲ್ಲಿ ಪ್ರತಿ ಬಾಣದ ಬುಡದಲ್ಲಿ ಒಬ್ಬರು ನಿಂತಿದ್ದರು.

ಈ ಶಾಸ್ತ್ರದ ಮಿತಿಗಳೂ ಸಣ್ಣವಲ್ಲ. ಹಿಂಟಿಕ್ಕನ ತರ್ಕದಲ್ಲಿ ಒಂದು ವಿಷಯ ಗೊತ್ತಿದ್ದವನಿಗೆ ಅದರಿಂದ ಹುಟ್ಟೋ ಎಲ್ಲ ತೀರ್ಮಾನಗಳೂ ತಾನಾಗೇ ಗೊತ್ತಿರುತ್ತೆ. ಅಂಥ ಮನುಷ್ಯರನ್ನ ನಾನಂತೂ ನೋಡಿಲ್ಲ. ಭಯ, ಹಠ, ಇಎಂಐ, ಇವಕ್ಕೆಲ್ಲ ಅಲ್ಲಿ ಚಿಹ್ನೆಗಳಿಲ್ಲ. ಮೊದಲು ಕೈ ಎತ್ತಿದವರಿಗೆ ಆಮೇಲೆ ಏನಾಗುತ್ತೆ ಅನ್ನೋದೂ ಇಲ್ಲ. ಆ ಹುಡುಗಿ ಒಂದು ವರ್ಷದೊಳಗೆ ಕೆಲಸ ಬಿಟ್ಟಳು, ಆ ಮ್ಯಾನೇಜರ್ ಅವಳಿಗಿಂತ ಮೊದಲೇ ಹೋಗಿದ್ದರೂ. "ಎಲ್ರೂ ಒಂಥರಾ ಜಾಸ್ತಿ ಮರ್ಯಾದೆ ಕೊಡ್ತಾರೆ ಅಕ್ಕ, ಊಟಕ್ಕೆ ಮಾತ್ರ ಯಾರೂ ಕರೆಯಲ್ಲ" ಅಂದಿದ್ದಳು.

ನಮ್ಮ ಮನೆ ಗ್ರೂಪಲ್ಲಿ ಸೋದರತ್ತೆ ಒಬ್ಬರಿದ್ದಾರೆ, ಹಾಸನದಲ್ಲಿರೋದು, ವಯಸ್ಸು ಎಪ್ಪತ್ತು ದಾಟಿದೆ. ಅವರಿಗೆ ಫಾರ್ವರ್ಡ್ ಬಟನ್ ಎಲ್ಲಿದೆ ಅಂತ ಗೊತ್ತಿಲ್ಲ, ಕಲಿಸೋಕೆ ಹೋದರೆ ಬೇಡ ಅಂತಾರೆ. ಏನಾದರೂ ಹೇಳೋದಿದ್ದರೆ ತಾವೇ ಟೈಪ್ ಮಾಡ್ತಾರೆ, ಒಂದೊಂದೇ ಅಕ್ಷರ. ಹೋದ ವಾರ ಬಂದದ್ದು: "ಬೆಳ್ಳುಳ್ಳಿ ನೀರು ಕುಡಿದರೆ ಶುಗರ್ ಇಳಿಯುತ್ತಂತೆ. ಮೂರನೇ ಮನೆ ಪದ್ದಕ್ಕ ಹೇಳಿದ್ದು. ಅವಳದೇನೂ ಇಳಿದಿಲ್ಲ."